ಬಯಲಲ್ಲಿ ನಿಂತ ದಫ್ತರ

ಅರಸೀಕೆರೆಯ ಮಗ್ಗುಲಲ್ಲೇ ಇರುವ ಮಾಲೇಕಲ್ಲು ತಿರುಪತಿಯ ಬೆಟ್ಟ ಹತ್ತುವವರು ಸಾಮಾನ್ಯವಾಗಿ ವೆಂಕಟರಮಣನ ಹರಕೆ ತೀರಿಸಲು ಹತ್ತುತ್ತಾರೆ. ಆಷಾಢದ ತೇರಿನ ಹೊತ್ತಿಗೆ ಸುತ್ತಲ ಸೀಮೆಯೆಲ್ಲ ಅಲ್ಲಿ ನೆರೆಯುತ್ತದೆ. ಮೇಲೆ ನಿಂತು ನೋಡಿದರೆ ತೆಂಗಿನ ತೋಟಗಳು, ಕೆರೆ, ರೈಲು ಜಂಕ್ಷನ್ನಿನ ಹಳಿಗಳು. ಈ ಬೆಟ್ಟದಿಂದ ಹೊರಟು ಹಾರನಹಳ್ಳಿ, ಹಳೇಬೀಡು, ಬೇಲೂರು, ಹಲ್ಮಿಡಿಗಳನ್ನು ಒಂದೇ ದಿನದಲ್ಲಿ ಮುಟ್ಟಬಹುದು. ಅಷ್ಟು ದಾರಿಯೊಳಗೆ ಒಂದೂವರೆ ಸಾವಿರ ವರ್ಷದ ಕಾಗದಪತ್ರಗಳು ಹರಡಿಕೊಂಡಿವೆ. ಮಂತ್ರಿಯ ದಾನಪತ್ರ, ವ್ಯಾಪಾರಿಗಳ ಹೊಗಳಿಕೆ, ಊರಿನ ರಾಜಿ ಕರಾರು, ಜೀವ ಕೊಟ್ಟ ಅಂಗರಕ್ಷಕನ ಕಥೆ, ಶಿಲ್ಪಿಯ ರುಜು, ಎಲ್ಲವೂ ಇವೆ. ಕಾಗದದ ಮೇಲಲ್ಲ, ಕಲ್ಲಿನ ಮೇಲೆ; ಬೀಗ ಹಾಕಿದ ಕೋಣೆಯಲ್ಲಲ್ಲ, ಬಯಲಿನಲ್ಲಿ.

ಹಳೆಯ ಪತ್ರಗಳನ್ನು ಕಾಪಾಡುವುದೆಂದರೆ ಇವತ್ತಿನ ಓದುಗನ ಕಣ್ಣ ಮುಂದೆ ಬರುವುದು ಅಮೆರಿಕದಂಥ ದೇಶದ ಪತ್ರಾಗಾರಗಳು. ಬಾಸ್ಟನ್ನಿನಲ್ಲಿ ಜೆರೆಮಿ ಬೆಲ್ಕ್‌ನ್ಯಾಪ್ ಎಂಬ ಪಾದ್ರಿ ಮತ್ತು ಅವನ ಗೆಳೆಯರು 1791ರಲ್ಲಿ ಮ್ಯಾಸಚೂಸೆಟ್ಸ್ ಇತಿಹಾಸ ಸಂಘವನ್ನು ಕಟ್ಟಿದರು. ಆ ದೇಶದಲ್ಲಿ ಹುಟ್ಟಿದ ಮೊದಲ ಇತಿಹಾಸ ಸಂಘ ಅದು. ಎರಡನೇ ಅಧ್ಯಕ್ಷ ಜಾನ್ ಆಡಮ್ಸ್ ಮತ್ತು ಅವನ ಹೆಂಡತಿ ಅಬಿಗೇಲ್ ಒಬ್ಬರಿಗೊಬ್ಬರು ಬರೆದುಕೊಂಡ 1,100ಕ್ಕೂ ಹೆಚ್ಚು ಪತ್ರಗಳು ಇಂದಿಗೂ ಅಲ್ಲಿ ಭದ್ರವಾಗಿವೆ. ಆದರೆ ಇಡೀ ದೇಶದ ದಾಖಲೆಗಳಿಗೆ ಒಂದು ಮನೆ ಬೇಕೆಂದು ಅಲ್ಲಿನ ಸರ್ಕಾರಕ್ಕೆ ಮನವರಿಕೆಯಾಗಲು ಬಹಳ ಕಾಲ ಹಿಡಿಯಿತು. 1921ರ ಜನವರಿಯಲ್ಲಿ ವಾಷಿಂಗ್ಟನ್ನಿನ ವಾಣಿಜ್ಯ ಇಲಾಖೆಯ ಕಟ್ಟಡದ ನೆಲಮಾಳಿಗೆಗೆ ಬೆಂಕಿ ಬಿದ್ದು 1890ರ ಜನಗಣತಿಯ ಹೆಚ್ಚಿನ ಹಾಳೆಗಳು ಹಾಳಾದವು. ಅಂಥ ನಷ್ಟಗಳಿಂದ ಕಲಿತು 1934ರಲ್ಲಿ ರಾಷ್ಟ್ರೀಯ ಪತ್ರಾಗಾರವನ್ನು ಸ್ಥಾಪಿಸಿದರು.

ಕಾಗದಕ್ಕೆ ಬೆಂಕಿ, ಓಲೆಗರಿಗೆ ಗೆದ್ದಲು. ಹೊಯ್ಸಳರ ಅರಮನೆಯ ಕರಣಿಕರು ಓಲೆಯ ಮೇಲೆ ಬರೆದ ಲೆಕ್ಕಗಳು ನಮ್ಮ ಕೈಗೆ ಬಂದಿಲ್ಲ. 1311ರಲ್ಲಿ ಮಲಿಕ್ ಕಾಫರನ ಸೈನ್ಯ ಅವರ ರಾಜಧಾನಿ ದೋರಸಮುದ್ರಕ್ಕೆ ನುಗ್ಗಿತು. ಮುಂದೆ ರಾಜಧಾನಿಯೇ ಹಳೆಯ ಬೀಡಾಯಿತು. ಉಳಿದದ್ದು ಕಲ್ಲು. ಈ ಸೀಮೆಯವರು ಮುಖ್ಯವಾದ ಕರಾರನ್ನು ಕಲ್ಲಿಗೆ ಬರೆಸುತ್ತಿದ್ದುದು ಅದಕ್ಕಾಗಿಯೇ. ಬರೆಸಿ ಮುಚ್ಚಿಡುತ್ತಿರಲಿಲ್ಲ, ದೇವಸ್ಥಾನದ ಅಂಗಳದಲ್ಲೋ ಕೆರೆ ಏರಿಯ ಮೇಲೋ ಹೊಲದ ಎಲ್ಲೆಯಲ್ಲೋ ನಾಲ್ಕು ಜನ ಓಡಾಡುವ ಕಡೆ ನಿಲ್ಲಿಸುತ್ತಿದ್ದರು. ಬರೆದದ್ದು ಅಲ್ಲೇ ಪ್ರಕಟವೂ ಆಗುತ್ತಿತ್ತು, ಅಲ್ಲೇ ಉಳಿಯುತ್ತಲೂ ಇತ್ತು.

ಹೊಯ್ಸಳರ ಕಾಲದ ದೊಡ್ಡ ಶಾಸನವೊಂದನ್ನು ಮೇಲಿನಿಂದ ಕೆಳಗೆ ಓದಿದರೆ ಇವತ್ತಿನ ನೋಂದಣಿ ಕಚೇರಿಯ ಕ್ರಯಪತ್ರದ ಅಚ್ಚುಕಟ್ಟೆಲ್ಲ ಅದರಲ್ಲಿ ಕಾಣುತ್ತದೆ. ಮೊದಲು ದೇವರ ಸ್ತುತಿ. ಆಮೇಲೆ ವಂಶದ ವರ್ಣನೆ: ಸೊಸೆವೂರಿನಲ್ಲಿ ಸಳ ಹುಲಿಯನ್ನು ಹೊಡೆದ ಕಥೆಯಿಂದ ಆಳುವ ಅರಸನವರೆಗೆ. ನಂತರ ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ. ಅದಾದ ಮೇಲೆ ವ್ಯವಹಾರ: ಯಾರು ಯಾರಿಗೆ ಏನು ಕೊಟ್ಟರು, ಎಷ್ಟು ಗದ್ಯಾಣ, ಎಷ್ಟು ಸಲಗೆ ಗದ್ದೆ, ಎಷ್ಟು ಕಂಬ ಬೆದ್ದಲು, ಮೂಡಲಿಗೆ ಯಾವ ಹಳ್ಳ, ತೆಂಕಲಿಗೆ ಯಾವ ಮರ. ಕೊನೆಯಲ್ಲಿ, ಇದಕ್ಕೆ ಅಳಿಪಿದವರು ಗಂಗೆಯ ತಡಿಯಲ್ಲಿ ಗೋವು ಕೊಂದ ಪಾಪಕ್ಕೆ ಹೋಗುವರೆಂಬ ಶಾಪ. ಎಷ್ಟೋ ಕಡೆ ಅದನ್ನು ರಚಿಸಿದ ಕವಿ ಮತ್ತು ಕಡೆದ ರೂವಾರಿಯ ಹೆಸರೂ ಇರುತ್ತದೆ. ಕವಿ ಎಂದದ್ದು ಮಾತಿಗಲ್ಲ. ತರೀಕೆರೆ ಬಳಿಯ ಅಮೃತಾಪುರದ ಶಾಸನವನ್ನು ರಚಿಸಿದವನು ‘ಯಶೋಧರ ಚರಿತೆ’ಯ ಜನ್ನ. ಸರ್ಕಾರದ ದಾಖಲೆಯನ್ನು ನಾಡಿನ ಶ್ರೇಷ್ಠ ಕವಿಯೊಬ್ಬನ ಕೈಯಲ್ಲಿ ಬರೆಸುವ ಸಂಸ್ಕೃತಿ ಇಲ್ಲಿತ್ತೆಂಬುದನ್ನು ಹೆಮ್ಮೆಯಿಂದಲೇ ಹೇಳಬೇಕು.

ಅರಸೀಕೆರೆಯಿಂದಲೇ ಓದು ಆರಂಭಿಸಬಹುದು. ಇಂದು ಕೊಬ್ಬರಿ ಮಾರುಕಟ್ಟೆಗೂ ರೈಲಿಗೂ ಹೆಸರಾದ ಈ ಊರು ಹೊಯ್ಸಳ ಅರಸ ಇಮ್ಮಡಿ ಬಲ್ಲಾಳನ ಕಾಲಕ್ಕೆ ಸಂಪತ್ತು ತುಂಬಿದ ಪಟ್ಟಣ. ಊರಿನ ಶಿವಾಲಯ, ನಕ್ಷತ್ರದಾಕಾರದ ತೆರೆದ ಮುಖಮಂಟಪದ ಆ ಅಪರೂಪದ ಗುಡಿ, 1220ರ ಹೊತ್ತಿನದು. ಅದೇ ವರ್ಷ ಅದೇ ಊರಿನಲ್ಲಿ ಸಹಸ್ರಕೂಟ ಜಿನಾಲಯವೂ ಎದ್ದಿತು. ಅದನ್ನು ಕಟ್ಟಿಸಿದ ರೇಚರಸ ಮೊದಲು ಕಲಚುರಿ ಅರಸರ ಮಂತ್ರಿಯಾಗಿದ್ದವನು. ಆ ರಾಜ್ಯ ಮುಳುಗಿದ ಮೇಲೆ ಬಲ್ಲಾಳನ ಆಶ್ರಯಕ್ಕೆ ಬಂದ. ‘ವಸುಧೈಕಬಾಂಧವ’ ಎಂಬುದು ಅವನ ಬಿರುದು. ಸೋತ ರಾಜ್ಯದಿಂದ ಬಂದ ಅಧಿಕಾರಿಯನ್ನು ಗೆದ್ದ ರಾಜ್ಯ ಗೌರವದಿಂದ ಇಟ್ಟುಕೊಂಡದ್ದು, ಒಂದೇ ಊರಲ್ಲಿ ಒಂದೇ ಕಾಲಕ್ಕೆ ಶಿವನಿಗೂ ಜಿನನಿಗೂ ಗುಡಿ ಏಳುತ್ತಿದ್ದುದು ಯಾವ ಚರಿತ್ರೆಕಾರನ ಊಹೆಯೂ ಅಲ್ಲ. ಕಲ್ಲೇ ಹೇಳುವ ಮಾತು.

ಇದೇ ತಾಲ್ಲೂಕಿನ ಶಾಸನಗಳಲ್ಲಿ ಮಲಯಾಳ ದೇಶದಿಂದ ಬಂದು ನೆಲೆಸಿದ ಸೆಟ್ಟಿಗಳು ಕಾಣಿಸಿಕೊಳ್ಳುತ್ತಾರೆ. ಹಡಗುಗಳಲ್ಲಿ ಕುದುರೆ, ಆನೆ, ಮುತ್ತು ತರಿಸಿ ಅರಸರಿಗೆ ಒದಗಿಸುತ್ತಿದ್ದವರು ಇವರು. ಸಮುದ್ರದಿಂದ ಇಷ್ಟು ಒಳಗೆ, ಮಳೆ ಕಡಿಮೆಯ ಬಯಲುಸೀಮೆಯ ಅಂಚಿನಲ್ಲಿ, ಹಡಗಿನ ವ್ಯಾಪಾರದ ಮಾತು ಕಲ್ಲಿನ ಮೇಲೆ ಸಿಗುವುದು ಓದುವವನನ್ನು ಬೆರಗುಗೊಳಿಸುತ್ತದೆ. ಹೊಯ್ಸಳರ ಕುದುರೆಪಡೆಗೆ ಘಟ್ಟ ಹತ್ತಿ ಬಂದ ಕುದುರೆಗಳು ಬೇಕಿದ್ದವು. ಆ ವ್ಯಾಪಾರದಲ್ಲಿ ಬಂದ ಹಣದ ಒಂದು ಪಾಲು ಗುಡಿಗಳ ದೀಪಕ್ಕೂ ನೈವೇದ್ಯಕ್ಕೂ ಹೋಗುತ್ತಿತ್ತು. ಅರಸೀಕೆರೆಯಿಂದ ಎಂಟು ಕಿಲೋಮೀಟರು ದೂರದ ಹಾರನಹಳ್ಳಿಯಲ್ಲಿ ಪೆದ್ದಣ್ಣ ಹೆಗ್ಗಡೆ, ಸೋವಣ್ಣ, ಕೇಶಣ್ಣ ಎಂಬ ಮೂವರು ಅಣ್ಣತಮ್ಮಂದಿರು 1235ರ ಆಸುಪಾಸಿನಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹ ಮತ್ತು ಸೋಮೇಶ್ವರ ಗುಡಿಗಳಿವೆ. ಕಟ್ಟಿಸಿದವರು ಯಾರೆಂದು ತಿಳಿದಿರುವುದು ಶಾಸನದಿಂದ. ಅದೊಂದು ಇಲ್ಲದಿದ್ದರೆ ಈ ಗುಡಿಗಳನ್ನೂ ಜಕಣಾಚಾರಿಯ ಲೆಕ್ಕಕ್ಕೆ ಸೇರಿಸಿ ಸುಮ್ಮನಾಗುತ್ತಿದ್ದೆವು.

ಹಳೇಬೀಡಿಗೆ ಬಂದವರು ಹೊಯ್ಸಳೇಶ್ವರನ ಗೋಡೆಗಳ ಮುಂದೆ ಸಮಯವನ್ನೆಲ್ಲ ಕಳೆದುಬಿಡುತ್ತಾರೆ. ಗೋಡೆಗಳು ಅಂಥವೇ. ಆದರೆ ಅದೇ ಆವರಣದಲ್ಲಿ ನಿಂತ ಒಂದು ಗರುಡಗಂಬದ ಮುಂದೆಯೂ ಅರೆಗಳಿಗೆ ನಿಲ್ಲಬೇಕು. ಇಮ್ಮಡಿ ಬಲ್ಲಾಳನ ದಂಡನಾಯಕ ಕುವರ ಲಕ್ಷ್ಮನ ಶಾಸನ ಅದರ ಮೇಲಿದೆ. ಒಡೆಯ ಸತ್ತರೆ ತಾನೂ ಬದುಕಿರೆನೆಂದು ವ್ರತ ಹಿಡಿದ ಗರುಡರ ಪಡೆಯವನು ಅವನು. ಬಲ್ಲಾಳ 1220ರಲ್ಲಿ ತೀರಿಕೊಂಡಾಗ ಲಕ್ಷ್ಮನೂ ಅವನ ಹೆಂಡತಿ ಸುಗ್ಗಲದೇವಿಯೂ ಜೊತೆಯ ವೀರರೂ ಪ್ರಾಣ ಬಿಟ್ಟರು. ಕಂಬದ ಸುತ್ತ ಕತ್ತಿ ಹಿಡಿದು ತಮ್ಮ ಕೈಯನ್ನೋ ತಲೆಯನ್ನೋ ಕತ್ತರಿಸಿಕೊಳ್ಳುತ್ತಿರುವ ಚಿಕ್ಕ ಚಿಕ್ಕ ವಿಗ್ರಹಗಳಿವೆ. ಶಾಸನ ಪೂರ್ತಿಯಾಗಿಲ್ಲ, ನಡುವೆಯೇ ನಿಂತುಹೋಗಿದೆ. ಈ ಆಚಾರವನ್ನು ಇಂದು ಯಾರೂ ಮೆಚ್ಚಬೇಕಾಗಿಲ್ಲ. ಹನ್ನೆರಡು, ಹದಿಮೂರನೇ ಶತಮಾನದ ಸ್ವಾಮಿನಿಷ್ಠೆ ಎಂಥ ಕಠೋರ ಕರಾರಾಗಿತ್ತೆಂಬುದನ್ನು ಮಾತ್ರ ಇಷ್ಟು ಹತ್ತಿರದಿಂದ ಹೇಳುವ ದಾಖಲೆ ಕರ್ನಾಟಕದಲ್ಲಿ ಮತ್ತೊಂದು ಸಿಗುವುದು ಕಷ್ಟ.

ಅಲ್ಲಿಂದ ಅರ್ಧ ಕಿಲೋಮೀಟರು ನಡೆದರೆ ಬಸದಿಹಳ್ಳಿ. ವಿಷ್ಣುವರ್ಧನನ ದಂಡನಾಯಕ ಗಂಗರಾಜ ತೀರಿಕೊಂಡ ಮೇಲೆ ಮಗ ಬೊಪ್ಪ ತಂದೆಯ ನೆನಪಿಗೆ 1133ರಲ್ಲಿ ಪಾರ್ಶ್ವನಾಥನ ಬಸದಿ ಕಟ್ಟಿಸಿದ. ಪ್ರತಿಷ್ಠೆಯಾದ ಮೇಲೆ ಅರ್ಚಕರು ಶೇಷಾಕ್ಷತೆ ಹಿಡಿದು ಬಂಕಾಪುರದ ಬೀಡಿನಲ್ಲಿದ್ದ ಅರಸನ ಹತ್ತಿರ ಹೋದರು. ಆಗತಾನೇ ಅರಸ ಯುದ್ಧ ಗೆದ್ದಿದ್ದ. ಮಗ ಹುಟ್ಟಿದ ಸುದ್ದಿಯೂ ಬಂದಿತ್ತು. ಎದ್ದು ಕೈಮುಗಿದು ಪ್ರಸಾದ ತೆಗೆದುಕೊಂಡು, ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನಂತೆ. ವಿಷ್ಣುವರ್ಧನ ವೈಷ್ಣವನಾದ ಮೇಲೆ ಜೈನರನ್ನು ಕಾಡಿದನೆಂಬ ಕಥೆ ಜನರ ಬಾಯಲ್ಲಿ ಇಂದಿಗೂ ಇದೆ. ಬೊಪ್ಪನ ಬಸದಿಯ ಕಲ್ಲು ಆ ಕಥೆಗೆ ನೇರ ಎದುರಾಗಿ ನಿಂತಿದೆ.

ಅದೇ ಬಸದಿಯಲ್ಲಿ ಐನೂರು ವರ್ಷ ಕಳೆದ ಮೇಲೆ ಬರೆಸಿದ ಇನ್ನೊಂದು ಶಾಸನವಿದೆ. ಈ ಸೀಮೆಯ ದಾಖಲೆಗಳಲ್ಲೆಲ್ಲ ಒಂದನ್ನೇ ಆರಿಸು ಎಂದರೆ ಆರಿಸಬೇಕಾದದ್ದು ಅದು. ಕಾಲ 1638, ಬೇಲೂರು ನಾಯಕರ ಆಳ್ವಿಕೆ. ಹುಚ್ಚಪ್ಪದೇವರು ಎಂಬ ವೀರಶೈವರು ವಿಜಯಪಾರ್ಶ್ವನ ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆ ಹಾಕಿದರು. ವಿಜಯಪ್ಪ ಎಂಬ ಜೈನ ಅದನ್ನು ಅಳಿಸಿದ. ಎಂಥ ಕಾಲದಲ್ಲೂ ಊರಿಗೆ ಬೆಂಕಿ ಹಚ್ಚಲು ಇಷ್ಟು ಸಾಕು. ಆದರೆ ಜೈನ ಸೆಟ್ಟಿಗಳು ದೂರು ಕೊಟ್ಟರು, ವೀರಶೈವರ ಮಹಾಮಹತ್ತು ಸೇರಿತು, ಮಾತುಕತೆ ನಡೆಯಿತು, ಒಪ್ಪಂದವಾಯಿತು. ಜೈನರು ಮೊದಲು ವಿಭೂತಿ ವೀಳ್ಯ ಕೊಡುವುದು, ಆಮೇಲೆ ತಮ್ಮ ಪದ್ಧತಿಯಂತೆ ಪೂಜೆ, ಅಭಿಷೇಕ, ದೀಪಧೂಪಗಳನ್ನೆಲ್ಲ ಸೂರ್ಯಚಂದ್ರರಿರುವವರೆಗೂ ನಡೆಸಿಕೊಂಡು ಹೋಗುವುದು. ಕೊನೆಗೆ ಶಾಪ ಬರುತ್ತದೆ. ಜೈನರ ಈ ಪೂಜೆಗೆ ಅಡ್ಡಿ ಮಾಡಿದವನು ಶಿವದ್ರೋಹಿ, ಜಂಗಮದ್ರೋಹಿ, ವಿಭೂತಿ ರುದ್ರಾಕ್ಷಿಗೆ ದ್ರೋಹಿ, ಕಾಶಿ ರಾಮೇಶ್ವರಗಳ ಲಿಂಗಕ್ಕೆ ದ್ರೋಹಿ ಎಂದು ಬರೆಸಿದವರು ವೀರಶೈವರೇ.

ಈ ಕೊನೆಯ ಮಾತನ್ನು ಮತ್ತೆ ಓದಬೇಕು. ಬಸದಿಯ ಪೂಜೆಯನ್ನು ಕಾಯಲು ಶಿವನ ಆಣೆ ಇಡಲಾಗಿದೆ. ಮುದ್ರೆ ಹಾಕಿದ ಕಡೆಯವರ ದೇವರನ್ನೇ ಜಾಮೀನು ನಿಲ್ಲಿಸಿದ ಒಪ್ಪಂದ ಇದು. ವಿಭೂತಿ ವೀಳ್ಯ ಮೊದಲು ಕೊಡಬೇಕೆಂಬ ಷರತ್ತಿನಲ್ಲಿ ಯಾರ ಕೈ ಮೇಲಾಗಿತ್ತೆಂಬುದೂ ಗೊತ್ತಾಗುತ್ತದೆ. ಅದನ್ನು ಮರೆಮಾಚಿ ಇದನ್ನು ಬರೀ ಸೌಹಾರ್ದದ ಕಥೆ ಮಾಡುವುದು ಸರಿಯಲ್ಲ. ಬಲವಿದ್ದವರೂ ಬಲವಿಲ್ಲದವರೂ ಕೂತು ಮುಗಿಸಿಕೊಂಡ ವ್ಯಾಜ್ಯ ಎಂಬುದಂತೂ ನಿಜ. 1368ರಲ್ಲಿ ಶ್ರವಣಬೆಳಗೊಳದಲ್ಲಿ ಬುಕ್ಕರಾಯ ಜೈನರಿಗೂ ಶ್ರೀವೈಷ್ಣವರಿಗೂ ಕೈಹಿಡಿಸಿ ಬರೆಸಿದ ಶಾಸನ ಶಾಲಾಪಾಠಗಳಲ್ಲಿ ಬಂದಿದೆ. ಬಸದಿಹಳ್ಳಿಯದೂ ಅಷ್ಟೇ ಪ್ರಸಿದ್ಧವಾಗಬೇಕಿತ್ತು.

ಬೇಲೂರಿಗೆ ಬಂದರೆ 1117ರಲ್ಲಿ ವಿಷ್ಣುವರ್ಧನ ವಿಜಯನಾರಾಯಣನನ್ನು ಪ್ರತಿಷ್ಠೆ ಮಾಡಿದ ಶಾಸನದಿಂದ ಹಿಡಿದು ವಿಜಯನಗರದ ಕಾಲದವರೆಗೆ ಗುಡಿಯ ಚರಿತ್ರೆಯೆಲ್ಲ ಗುಡಿಯಲ್ಲೇ ಸಿಗುತ್ತದೆ. ಮುಸ್ಲಿಂ ದಾಳಿಯಲ್ಲಿ ಸುಟ್ಟಿದ್ದ ಮಹಾದ್ವಾರದ ಗೋಪುರವನ್ನು ಇಮ್ಮಡಿ ಹರಿಹರನ ದಂಡನಾಯಕ ಗುಂಡ 1397ರಲ್ಲಿ ಮತ್ತೆ ಕಟ್ಟಿಸಿದ್ದು ಹಾಗೆ ತಿಳಿಯುತ್ತದೆ. ಇವೆಲ್ಲಕ್ಕಿಂತ ಹೆಚ್ಚು ಮನಸ್ಸಿಗೆ ಹತ್ತಿರವಾಗುವುದು ಶಿಲ್ಪಿಗಳ ರುಜುಗಳು. ಮದನಿಕೆಯರ ಪೀಠಗಳ ಮೇಲೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಗದುಗಿನ ನಾಗೋಜ ಮೊದಲಾದವರ ಹೆಸರುಗಳಿವೆ. ಕೆಲವರು ಬಿರುದುಗಳನ್ನೂ ಕೆತ್ತಿಕೊಂಡಿದ್ದಾರೆ. ಬೇರೆ ನಾಡುಗಳ ಗುಡಿಗಳಲ್ಲಿ ಕಟ್ಟಿದವನ ಹೆಸರು ಸಿಗುವುದೇ ಅಪರೂಪ. ಇಲ್ಲಿ ತಂದೆ ಮಗ ಒಂದೇ ಗುಡಿಯಲ್ಲಿ ಕೆಲಸ ಮಾಡಿ ಬೇರೆ ಬೇರೆ ರುಜು ಹಾಕಿದ್ದಾರೆ. ಬಳ್ಳಿಗಾವೆ, ಗದಗುಗಳಿಂದ ಬೇಲೂರಿಗೆ ಕುಶಲಕರ್ಮಿಗಳು ಬಂದ ದಾರಿಯೂ ಆ ಒಂದೊಂದು ಸಾಲಿನಿಂದ ತಿಳಿಯುತ್ತದೆ.

ಈ ದೊಡ್ಡ ಗುಡಿಗಳ ನೆರಳಿನಲ್ಲಿ ಬೇಲೂರು ತಾಲ್ಲೂಕಿನ ಪುಟ್ಟ ಹಳ್ಳಿ ಹಲ್ಮಿಡಿ ಇದೆ. ಅಲ್ಲಿನ ಕಲ್ಲು ಎರಡೂವರೆ ಅಡಿ ಎತ್ತರ, ಒಂದಡಿ ಅಗಲ, ಹದಿನಾರು ಸಾಲು. ಹಳೆಯ ಮಣ್ಣುಕೋಟೆಯ ಹತ್ತಿರ ಬಿದ್ದಿದ್ದ ಅದನ್ನು ಊರವರು ವೀರಭದ್ರನ ಗುಡಿಯ ಮುಂದೆ ತಂದು ನಿಲ್ಲಿಸಿದ್ದರು. ಮೈಸೂರು ಪುರಾತತ್ವ ಇಲಾಖೆಯ ನಿರ್ದೇಶಕ ಡಾ. ಎಂ. ಎಚ್. ಕೃಷ್ಣ 1936ರ ವರದಿಯಲ್ಲಿ ಅದನ್ನು ಓದಿ ಪ್ರಕಟಿಸಿದಾಗ ಕನ್ನಡದ ವಯಸ್ಸಿನ ಲೆಕ್ಕವೇ ಬದಲಾಯಿತು. ಸುಮಾರು ಕ್ರಿ.ಶ. 450ರ ಕದಂಬರ ಕಾಲ, ಯುದ್ಧದಲ್ಲಿ ಕಾದಿದ ವಿಜ ಅರಸನಿಗೆ ಪಲ್ಮಿಡಿ ಮತ್ತು ಮೂಳವಳ್ಳಿಗಳನ್ನು ಬಾಳ್ಗಚ್ಚಾಗಿ ಕೊಟ್ಟ ದಾನ. ತಾಳಗುಂದದಲ್ಲಿ ದೊರೆತ ಶಾಸನ ಇದಕ್ಕೂ ಹಳೆಯದೆಂಬ ವಾದ ಈಚಿನ ವರ್ಷಗಳಲ್ಲಿ ಬಂದಿದೆ. ಅದರಿಂದ ಹಲ್ಮಿಡಿಯ ತೂಕ ಕಡಿಮೆಯಾಗುವುದಿಲ್ಲ. ಕೃಷ್ಣ ಅವರು ಓದುವವರೆಗೂ ಆ ಕಲ್ಲನ್ನು ಜತನವಾಗಿ ಇಟ್ಟವರು, ಅಕ್ಷರ ಏನೆಂದು ತಿಳಿಯದಿದ್ದರೂ ದೇವರ ಮುಂದೆ ನಿಲ್ಲಿಸಿದ ಆ ಊರಿನವರು. ಮೂಲ ಕಲ್ಲು ಈಗ ಮೈಸೂರಿನಲ್ಲಿದೆ. ಹಲ್ಮಿಡಿಯಲ್ಲಿ ಅದರ ಪ್ರತಿಕೃತಿ ನಿಂತಿದೆ.

ಕಲ್ಲು ಇದ್ದ ಮಾತ್ರಕ್ಕೆ ದಾಖಲೆ ಉಳಿದಂತಲ್ಲ. ಮಳೆ ಬಿಸಿಲಿಗೆ ಅಕ್ಷರ ಸವೆಯುತ್ತದೆ; ಓದಬಲ್ಲವರು ಇಲ್ಲವಾಗುತ್ತಾರೆ. ಅದನ್ನು ನಕಲು ಮಾಡಿ ಓದುವ ಕೆಲಸ ಈ ಸೀಮೆಯಲ್ಲಿ ಇನ್ನೂರು ವರ್ಷಗಳ ಹಿಂದೆ ಶುರುವಾಯಿತು. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಕಾಲಿನ್ ಮೆಕೆಂಝಿ ಮೈಸೂರು ಸೀಮೆಯ ಮೋಜಣಿಗೆ ಇಳಿದ. ನೆಲ ಅಳೆಯುವುದರ ಜೊತೆಗೆ ಅವನು ಕೈಫಿಯತ್ತು, ನಾಣ್ಯ, ಶಾಸನದ ನಕಲುಗಳನ್ನೂ ಸೇರಿಸಿದ. ಊರೂರು ತಿರುಗಿ ಹಿರಿಯರ ಮಾತು ಕೇಳಿ ಬರೆದುಕೊಂಡವರು, ಕಲ್ಲು ಓದಿದವರು ಅವನ ಕೈಕೆಳಗಿನ ಕಾವಲಿ ಬೊರಯ್ಯ, ಲಕ್ಷ್ಮಯ್ಯ ಸೋದರರಂಥ ದೇಶೀ ಪಂಡಿತರು. 1828ರಲ್ಲಿ ಎಚ್. ಎಚ್. ವಿಲ್ಸನ್ ಈ ಸಂಗ್ರಹದ ಪಟ್ಟಿ ಮಾಡಿದಾಗ ಶಾಸನಗಳೇ 8,076 ಆದವು.

ನಂತರ ಕ್ಯಾಮೆರಾ ಬಂತು. ಕ್ಯಾಪ್ಟನ್ ಲಿನಿಯಸ್ ಟ್ರೈಪ್ 1854ರ ಕೊನೆಯಲ್ಲಿ ಹಳೇಬೀಡು, ಬೇಲೂರುಗಳ ಚಿತ್ರ ತೆಗೆದ. ಅವನ ಹಿಂದೆಯೇ ಡಾ. ವಿಲಿಯಂ ಪಿಗೂ ಬಂದ. ಹಳೇಬೀಡಿನ ಕೇದಾರೇಶ್ವರ ಗುಡಿಯ ಶಿಖರದ ಕಲ್ಲುಗಳ ನಡುವೆ ಬೇರು ಬಿಟ್ಟ ಆಲದ ಮರ ಆ ಗೋಪುರವನ್ನೇ ಬಿಡಿಸಿ ಕೆಡವಿದ್ದರಿಂದ, ಗುಡಿಯ ಹಿಂದಿನ ರೂಪ ತಿಳಿಯಲು ಇಂದಿಗೂ ಆ ಕಾಲದ ಚಿತ್ರಗಳೇ ಆಧಾರ. 2014ರಲ್ಲಿ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಟ್ರೈಪನ ಚಿತ್ರಗಳ ಪ್ರದರ್ಶನ ನಡೆಯಿತು. ಅದೇ ಆಮೇಲೆ ನ್ಯೂಯಾರ್ಕಿಗೂ ಲಂಡನ್ನಿಗೂ ಹೋಯಿತು. 1865ರ ಹೊತ್ತಿಗೆ ಮೇಜರ್ ಡಿಕ್ಸನ್ ಮೈಸೂರು ಸೀಮೆಯ ಸುಮಾರು 150 ಶಾಸನಗಳ ಫೋಟೋ ತೆಗೆದ. ಆ ಫೋಟೋಗಳನ್ನು ಓದಿ ಅರ್ಥ ಬಿಡಿಸುವ ಕೆಲಸ ಬೆಂಗಳೂರಿನಲ್ಲೇ ಹುಟ್ಟಿ ಕನ್ನಡ ಬಲ್ಲವನಾಗಿದ್ದ ಒಬ್ಬ ಶಿಕ್ಷಣಾಧಿಕಾರಿಯ ಪಾಲಿಗೆ ಬಂತು.

ಅವನೇ ಬೆಂಜಮಿನ್ ಲೂಯಿ ರೈಸ್. ಲಂಡನ್ ಮಿಷನ್ನಿನ ಪಾದ್ರಿಯ ಮಗ, ಹುಟ್ಟಿದ್ದು 1837ರಲ್ಲಿ. ಹೈಸ್ಕೂಲಿನ ಮುಖ್ಯೋಪಾಧ್ಯಾಯ, ಶಾಲೆಗಳ ಇನ್ಸ್‌ಪೆಕ್ಟರ್ ಆಗಿ ಸಂಸ್ಥಾನವನ್ನೆಲ್ಲ ಸುತ್ತಿದ. ಡಿಕ್ಸನ್ನನ ಫೋಟೋಗಳನ್ನೂ ಇನ್ನಷ್ಟು ಶಾಸನಗಳನ್ನೂ ಅನುವಾದಿಸಿ 1879ರಲ್ಲಿ ‘ಮೈಸೂರ್ ಇನ್‌ಸ್ಕ್ರಿಪ್ಷನ್ಸ್’ ತಂದ. ಮೈಸೂರು ಸರ್ಕಾರ ಪುರಾತತ್ವ ಇಲಾಖೆ ತೆರೆದು ಅವನನ್ನು ನಿರ್ದೇಶಕನನ್ನಾಗಿ ಮಾಡಿದ ಮೇಲೆ ‘ಎಪಿಗ್ರಾಫಿಯಾ ಕರ್ನಾಟಿಕಾ’ ಒಂದರ ಹಿಂದೊಂದು ಹೊರಬಂತು: ಹನ್ನೆರಡು ಸಂಪುಟ, ಸುಮಾರು 9,000 ಶಾಸನ. ಹಾಸನ ಜಿಲ್ಲೆಯದು ಐದನೇ ಸಂಪುಟ. 1902ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ತಾಲ್ಲೂಕುವಾರು ನಂಬರು ಕೊಟ್ಟು ಪ್ರತಿ ಕಲ್ಲಿಗೂ ಒಂದು ವಿಳಾಸ ಮಾಡಿದ್ದು ರೈಸ್ ಮಾಡಿದ ದೊಡ್ಡ ಉಪಕಾರ. ಬಸದಿಹಳ್ಳಿಯ ರಾಜಿ ಕರಾರು ಇಂದಿಗೂ ವಿದ್ವಾಂಸರಿಗೆ ‘ಬೇಲೂರು 128’.

ಒಂದೊಂದು ನಂಬರಿನ ಹಿಂದೆಯೂ ಬಿಸಿಲಿನಲ್ಲಿ ಮಾಡಿದ ಕೈಕೆಲಸ ಇತ್ತು. ಮೊದಲು ಕಲ್ಲನ್ನು ಬ್ರಷ್ಷಿನಿಂದ ಉಜ್ಜಿ ಪಾಚಿ, ಸುಣ್ಣ, ಎಣ್ಣೆಯ ಜಿಡ್ಡು ತೆಗೆಯಬೇಕು. ನೀರಲ್ಲಿ ನೆನೆಸಿದ ಕಾಗದವನ್ನು ಅದರ ಮೇಲೆ ಹಾಸಿ, ಅಕ್ಷರದ ಗೆರೆಗಳೊಳಗೆ ಕಾಗದ ಇಳಿಯುವಂತೆ ಬ್ರಷ್ಷಿನಿಂದ ತಟ್ಟಬೇಕು. ಬಟ್ಟೆಯ ಗಂಟಿಗೆ ಮಸಿ ಹಚ್ಚಿ ಹದವಾಗಿ ತಟ್ಟುತ್ತ ಹೋದರೆ ಉಬ್ಬಿದ ಜಾಗವೆಲ್ಲ ಕಪ್ಪಾಗಿ, ಅಕ್ಷರಗಳು ಬೆಳ್ಳಗೆ ಉಳಿಯುತ್ತವೆ. ಒಣಗಿಸಿ ಬಿಡಿಸಿದರೆ ಪಡಿಯಚ್ಚು ಸಿದ್ಧ. ಗಾಳಿ ಬೀಸಿದರೆ ಕಾಗದ ಹರಿಯುತ್ತದೆ, ಮಸಿ ಹೆಚ್ಚಾದರೆ ಅಕ್ಷರ ಮುಚ್ಚುತ್ತದೆ. ಶಾಸನಶಾಸ್ತ್ರದ ಹೆಸರಾಂತ ಗ್ರಂಥಗಳೆಲ್ಲ ಈ ಕೆಲಸ ಬಲ್ಲವರ ಬೆನ್ನ ಮೇಲೆ ನಿಂತಿವೆ.

ನಕಲು ಮೂಲವನ್ನೇ ಉಳಿಸುವುದೆಂಬುದಕ್ಕೆ ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಹಾಳೆಯೇ ಸಾಕ್ಷಿ. 1841ರಿಂದ ಮೂವತ್ತಕ್ಕೂ ಹೆಚ್ಚು ವರ್ಷ ಕಿಟಕಿಯ ಎದುರು ತೂಗುಹಾಕಿದ್ದರಿಂದ ಅದರ ಶಾಯಿ ಬಹುಮಟ್ಟಿಗೆ ಮಾಸಿಹೋಗಿದೆ. ಇಂದು ಜಗತ್ತು ಪುಸ್ತಕಗಳಲ್ಲಿ ನೋಡುವ ಆ ದಾಖಲೆಯ ಚಿತ್ರ, ವಿಲಿಯಂ ಸ್ಟೋನ್ ಎಂಬ ಕೆತ್ತನೆಗಾರ 1823ರಲ್ಲಿ ತಾಮ್ರದ ಫಲಕದಲ್ಲಿ ಕೆತ್ತಿ ಮುಗಿಸಿದ ಪ್ರತಿಯಿಂದ ಬಂದದ್ದು. ರೈಸ್ ಮತ್ತು ಅವನ ಪಂಡಿತರ ಪಡಿಯಚ್ಚುಗಳೂ ನಮ್ಮ ಪಾಲಿಗೆ ಅದೇ ಕೆಲಸ ಮಾಡಿವೆ.

ರೈಸ್ 1906ರಲ್ಲಿ ನಿವೃತ್ತನಾದ ಮೇಲೆ ಆರ್. ನರಸಿಂಹಾಚಾರ್ ನಿರ್ದೇಶಕರಾದರು. ಬೇಲೂರಿನ ಕೇಶವ ದೇವಾಲಯದ ಮೇಲೆ 1919ರಲ್ಲಿ ಒಂದು ಪುಸ್ತಕವನ್ನೇ ತಂದರು. ಶಿಲ್ಪಿಗಳ ರುಜುಗಳನ್ನು ಒಂದೊಂದಾಗಿ ಓದಿ ದಾಸೋಜ, ಚಾವಣರನ್ನು ನಮಗೆ ಪರಿಚಯಿಸಿದವರು ಅವರು. ‘ಕರ್ನಾಟಕ ಕವಿಚರಿತೆ’ಯಲ್ಲಿ ಕವಿಗಳ ಕಾಲ ಗೊತ್ತುಮಾಡಲು ಶಾಸನಗಳನ್ನು ದುಡಿಸಿಕೊಂಡವರೂ ಅವರೇ. ಕಾಗದಪತ್ರಗಳ ವಿಷಯದಲ್ಲಿ ಅವರ ದೊಡ್ಡ ಶೋಧ ನಡೆದದ್ದು ಇಲ್ಲಿಂದ ಪಶ್ಚಿಮಕ್ಕೆ, ಶೃಂಗೇರಿಯಲ್ಲಿ. ಮಠದಲ್ಲಿದ್ದ ಕಟ್ಟುಗಳನ್ನು 1916ರಲ್ಲಿ ಬಿಚ್ಚಿದಾಗ ಟಿಪ್ಪು ಸುಲ್ತಾನ್ ಜಗದ್ಗುರು ಸಚ್ಚಿದಾನಂದ ಭಾರತಿಯವರಿಗೆ ಕನ್ನಡದಲ್ಲಿ ಬರೆಸಿದ ಸುಮಾರು ಮೂವತ್ತು ಪತ್ರಗಳು ಸಿಕ್ಕವು. 1791ರಲ್ಲಿ, ಬಾಸ್ಟನ್ನಿನಲ್ಲಿ ಬೆಲ್ಕ್‌ನ್ಯಾಪನ ಸಂಘ ಹುಟ್ಟಿದ ವರ್ಷದಲ್ಲೇ, ಮರಾಠರ ಕುದುರೆ ಸವಾರರು ಶೃಂಗೇರಿಯನ್ನು ಲೂಟಿ ಮಾಡಿ ಶಾರದೆಯ ವಿಗ್ರಹವನ್ನು ಕೆಡಿಸಿದ್ದರು. ಸ್ವಾಮಿಗಳು ಸಂಕಟ ಹೇಳಿಕೊಂಡು ಬರೆದರು. ಮರುಪ್ರತಿಷ್ಠೆಗೆ 200 ರಾಹತಿ ನಗದು, 200 ರಾಹತಿ ಬೆಲೆಯ ದವಸಧಾನ್ಯ ಒದಗಿಸುವಂತೆ ಟಿಪ್ಪು ಬಿದನೂರಿನ ಅಧಿಕಾರಿಗೆ ಅಪ್ಪಣೆ ಮಾಡಿದ. ಟಿಪ್ಪುವಿನ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಆ ಕಟ್ಟನ್ನು ಪಕ್ಕಕ್ಕಿಟ್ಟು ಅವನ ಚರಿತ್ರೆ ಬರೆಯಲು ಆಗದು. ಮಠ ಕಾಪಾಡಿಕೊಂಡು ಬಂದಿದ್ದರಿಂದ ಆ ಪತ್ರಗಳು ಇವೆ.

ಮಠಗಳಲ್ಲೂ ಶ್ಯಾನುಭೋಗರ ಮನೆಗಳಲ್ಲೂ ಕಡತಗಳಿದ್ದವು. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದ ಕಪ್ಪು ಪುಸ್ತಕಗಳು. ಬಳಪ ಅಳಿಸಿದರೆ ಹೋಗುತ್ತದೆ, ಬಟ್ಟೆಯ ಮೇಲೆ ಮತ್ತೆ ಬರೆಯಬಹುದು. ದಿನನಿತ್ಯದ ಲೆಕ್ಕಕ್ಕೆ ಅನುಕೂಲ, ಚರಿತ್ರೆಗೆ ಅಪಾಯ. ಹಳ್ಳಿಯ ಹಳೆ ಮನೆ ಕೆಡವುವಾಗ ಅಟ್ಟದಿಂದ ಇಂಥ ಕಟ್ಟುಗಳು ನೇರ ಒಲೆಗೆ ಹೋದದ್ದೆಷ್ಟೋ.

ಕಲ್ಲಿನ ದಾಖಲೆಗಳ ಮಟ್ಟಿಗೆ ಕೆಲಸ ಮುಂದುವರಿದಿದೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ರೈಸರ ಸಂಪುಟಗಳನ್ನು ಪರಿಷ್ಕರಿಸಿ, ಹೊಸ ಶಾಸನಗಳನ್ನು ಸೇರಿಸಿ ತಂದಿತು. ಅದರಲ್ಲಿ ಒಂಬತ್ತನೆಯದು ಬೇಲೂರು ತಾಲ್ಲೂಕಿಗೆ, ಹತ್ತನೆಯದು ಅರಸೀಕೆರೆಗೆ ಮೀಸಲು. ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಶಾಸನ ವಿಭಾಗ 1966ರಲ್ಲಿ ಊಟಿಯಿಂದ ಮೈಸೂರಿಗೆ ಬಂತು. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ನಗರದ ಸುತ್ತಲ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನರಿನಿಂದ ದಾಖಲಿಸುತ್ತಿದೆ. ಕಣ್ಣಿಗೆ ಕಾಣದಷ್ಟು ಸವೆದ ಅಕ್ಷರವೂ ಅದರಲ್ಲಿ ಓದಲು ಸಿಗುತ್ತದೆ. ಅರಸೀಕೆರೆ, ಬೇಲೂರು ತಾಲ್ಲೂಕುಗಳ ಪ್ರತಿ ಕಲ್ಲಿಗೂ ಇಂಥ ಸ್ಕ್ಯಾನ್ ಆಗಬೇಕು, ಅದೂ ಬೇಗ ಆಗಬೇಕು.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಸಂತೋಷದ ಮಾತು. ಬೇಲಿ ಹಾಕಿದ ಆ ಆವರಣಗಳೊಳಗಿನ ಶಾಸನಗಳಿಗೆ ಕಾವಲು ಸಿಕ್ಕಿತು. ಆದರೆ ಈ ದಫ್ತರದ ಬಹುಪಾಲು ಬೇಲಿಯ ಆಚೆಗಿದೆ: ಕೆರೆ ಏರಿಯ ಮೇಲೆ, ತೆಂಗಿನ ತೋಟದ ಮೂಲೆಯಲ್ಲಿ, ಮಾರಿಗುಡಿಯ ಹಿಂದೆ ಮಣ್ಣಲ್ಲಿ ಅರ್ಧ ಹೂತ ವೀರಗಲ್ಲುಗಳಾಗಿ, ಮಾಸ್ತಿಕಲ್ಲುಗಳಾಗಿ. ಎಷ್ಟೋ ಕಲ್ಲುಗಳು ಬಟ್ಟೆ ಒಗೆಯುವ ಬಂಡೆಗಳಾಗಿವೆ, ಮೋರಿಗೆ ಚಪ್ಪಡಿಯಾಗಿವೆ. ಎಷ್ಟೋ ಕಲ್ಲುಗಳನ್ನು ಅಡಿಯಲ್ಲಿ ನಿಧಿ ಇದೆಯೆಂಬ ಆಸೆಗೆ ರಾತ್ರೋರಾತ್ರಿ ಅಗೆದು ಒಡೆದಿದ್ದಾರೆ. ಭಕ್ತಿಯಿಂದಲೂ ಕೆಡುತ್ತದೆ: ವರ್ಷಕ್ಕೊಂದು ಸಲ ಎನಾಮಲ್ ಬಣ್ಣ ಬಳಿದರೆ ಅಕ್ಷರದ ಗೆರೆಯೇ ತುಂಬಿಹೋಗುತ್ತದೆ.

ಓದುಗರ ಊರಲ್ಲಿ, ಹೊಲದಲ್ಲಿ, ಗುಡಿಯ ಹಿಂದೆ ಬರಹವಿರುವ ಕಲ್ಲೊಂದು ಇದ್ದರೆ ಅದಕ್ಕೆ ಬಣ್ಣ ಬಳಿಯಬೇಡಿ, ಮರಳಿನಿಂದಲೋ ಆಸಿಡ್ಡಿನಿಂದಲೋ ಉಜ್ಜಬೇಡಿ, ಜಾಗ ಬದಲಿಸಬೇಡಿ. ಬೆಳಗಿನ ಓರೆ ಬಿಸಿಲಲ್ಲಿ ಅಕ್ಷರ ಚೆನ್ನಾಗಿ ಎದ್ದು ಕಾಣುತ್ತದೆ. ಆ ಹೊತ್ತಿನಲ್ಲಿ ಮೊಬೈಲಿನಲ್ಲಿ ನಾಲ್ಕು ಚಿತ್ರ ತೆಗೆದು, ಊರು, ಸರ್ವೆ ನಂಬರು, ಕಲ್ಲು ಇರುವ ದಿಕ್ಕು ಬರೆದು ಮೈಸೂರಿನ ಪುರಾತತ್ವ ಇಲಾಖೆಗೋ ಹತ್ತಿರದ ಕಾಲೇಜಿನ ಇತಿಹಾಸದ ಮೇಷ್ಟರಿಗೋ ಕಳಿಸಿ. ಅಟ್ಟದ ಮೇಲೆ ಕಡತವೋ ಓಲೆಗರಿಯ ಕಟ್ಟೋ ಇದ್ದರೆ ಮನೆ ಕೆಡವುವ ಮುಂಚೆ ಅವರಿಗೆ ಒಮ್ಮೆ ತೋರಿಸಿ.